ಬೇರ್ಸ್‌ಗೆ ಒಬ್ಬ ಸೆಂಟರ್ ಸಿಕ್ಕ

2025ರ ಮಾರ್ಚ್ ಎರಡನೇ ವಾರ. ಕ್ಲಿನಿಕ್‌ನಲ್ಲಿ ಮಂಡಿ ಆಪರೇಷನ್ ಆಗಿದ್ದ ಅಜ್ಜಿಯೊಬ್ಬರಿಗೆ ಮೆಟ್ಟಿಲು ಹತ್ತಿಸುತ್ತಿದ್ದೆ. ಜೇಬಿನಲ್ಲಿದ್ದ ಫೋನು ಮೂರು ಸಲ ಅದುರಿತು. ಅವರನ್ನು ಕೂರಿಸಿ, ಮಂಡಿಗೆ ಐಸ್ ಕಟ್ಟಿ, ತೆಗೆದು ನೋಡಿದರೆ ಮಗನ ಮೆಸೇಜು: "ಅಮ್ಮಾ, ಡಾಲ್ಮನ್." ಎರಡನೆಯದೂ ಅದೇ. ಮೂರನೆಯದರಲ್ಲಿ ಬರೀ ಒಂದು ಕರಡಿ ಚಿತ್ರ.

ಅಮೆರಿಕನ್ ಫುಟ್‌ಬಾಲ್‌ನ ಅಟ್ಲಾಂಟಾ ಫಾಲ್ಕನ್ಸ್ ತಂಡದ ಸೆಂಟರ್ ಡ್ರೂ ಡಾಲ್ಮನ್ ನಮ್ಮ ಶಿಕಾಗೊ ಬೇರ್ಸ್‌ಗೆ ಬರಲು ಒಪ್ಪಿಕೊಂಡಿದ್ದ. ಮೂರು ವರ್ಷಕ್ಕೆ 4.2 ಕೋಟಿ ಡಾಲರ್, ಅದರಲ್ಲಿ 2.8 ಕೋಟಿ ಖಾತ್ರಿ ಹಣ. ನಮ್ಮ ಮನೆಯಲ್ಲಿ ಇದು ಹಬ್ಬದ ಸುದ್ದಿ. ಯಾಕೆಂದರೆ ಹೈಸ್ಕೂಲಿನ ಒಂಬತ್ತನೇ ತರಗತಿ ತಂಡದಲ್ಲಿ ನನ್ನ ಮಗನೂ ಸೆಂಟರ್. ಬೇರೆ ಮನೆಗಳಲ್ಲಿ ಕ್ವಾರ್ಟರ್‌ಬ್ಯಾಕ್ ಯಾರು ಅಂತ ಕೇಳುತ್ತಾರೆ, ನಮ್ಮಲ್ಲಿ ಅವನ ಮುಂದೆ ಬಗ್ಗಿ ನಿಲ್ಲುವವನು ಯಾರು ಅಂತ ಕೇಳುತ್ತೇವೆ. ಮೂರು ವಾರದಿಂದ ರಾತ್ರಿ ಊಟ ಆದಮೇಲೆ ಇಬ್ಬರೂ ಡಾಲ್ಮನ್‌ನ ಹಳೆಯ ಆಟಗಳನ್ನು ಹಾಕಿಕೊಂಡು ಕೂರುತ್ತಿದ್ದೇವೆ. ನೋಡಿದ್ದನ್ನು ಬರೆದಿಡೋಣ ಅನ್ನಿಸಿತು.

ಅಮೆರಿಕನ್ ಫುಟ್‌ಬಾಲ್ ನೋಡದ ಗೆಳತಿಯರಿಗಾಗಿ ಸ್ವಲ್ಪ ಹೇಳಿಬಿಡುತ್ತೇನೆ. ಚೆಂಡು ಯಾವ ತಂಡದ ಕೈಯಲ್ಲಿದೆಯೋ ಆ ತಂಡದ ಹನ್ನೊಂದು ಜನರಲ್ಲಿ ಐವರು ಮುಂದಿನ ಸಾಲಿನಲ್ಲಿ ಬಗ್ಗಿ ನಿಲ್ಲುತ್ತಾರೆ. ಎರಡು ತುದಿಗೆ ಟ್ಯಾಕಲ್‌ಗಳು, ಅವರ ಒಳಗೆ ಗಾರ್ಡ್‌ಗಳು, ನಟ್ಟನಡುವೆ ಸೆಂಟರ್. ಚೆಂಡು ಹಿಡಿದು ಓಡುವುದು ಇವರ ಪಾಲಿಗಿಲ್ಲ. ಹಿಂದೆ ನಿಂತ ಕ್ವಾರ್ಟರ್‌ಬ್ಯಾಕ್‌ಗೆ ಎಸೆಯಲು ಎರಡೂವರೆ ಮೂರು ಸೆಕೆಂಡು ಕೊಡಿಸಬೇಕು, ಓಡುವವನಿಗೆ ಸಂದು ಮಾಡಿಕೊಡಬೇಕು. ಆ ಮೂರು ಸೆಕೆಂಡು ಸಿಗದೆ ಕ್ವಾರ್ಟರ್‌ಬ್ಯಾಕ್ ಚೆಂಡಿನ ಸಮೇತ ನೆಲಕ್ಕೆ ಬಿದ್ದರೆ ಅದು ಸ್ಯಾಕ್. ಸೆಂಟರ್‌ಗೆ ಇದರ ಮೇಲೆ ಇನ್ನೆರಡು ಜವಾಬ್ದಾರಿ. ಪ್ರತಿ ಸಲವೂ ಚೆಂಡನ್ನು ಕಾಲ ಸಂದಿನಿಂದ ಹಿಂದಕ್ಕೆ ಕಳಿಸುವವನು ಅವನೇ, ಇದಕ್ಕೆ ಸ್ನ್ಯಾಪ್ ಅನ್ನುತ್ತಾರೆ. ಅದಕ್ಕೂ ಮುಂಚೆ ಎದುರಾಳಿಗಳು ನಿಂತ ರೀತಿ ನೋಡಿ, ಯಾರು ಎಲ್ಲಿಂದ ನುಗ್ಗಬಹುದು, ನಮ್ಮಲ್ಲಿ ಯಾರು ಯಾರನ್ನು ತಡೆಯಬೇಕು ಅಂತ ಕೂಗಿ ಹೇಳುವವನೂ ಸಾಮಾನ್ಯವಾಗಿ ಅವನೇ.

ಮಗನನ್ನು ಮೊದಲ ಸಲ ಆ ಜಾಗಕ್ಕೆ ನಿಲ್ಲಿಸಿದಾಗ ನನಗೆ ಒಳಗೊಳಗೇ ಬೇಜಾರಾಗಿತ್ತು. ಮೈ ದಪ್ಪ ಅಂತ ಅಲ್ಲಿ ನಿಲ್ಲಿಸಿದ್ದಾರೆ, ಪಾಪ, ಮಗು ಕೈಗೆ ಚೆಂಡೇ ಬರಲ್ಲ ಅಂದುಕೊಂಡೆ. ಆಮೇಲೆ ಬೇಸ್‌ಮೆಂಟ್‌ನಲ್ಲಿ ಅವನ ಜೊತೆ ಅಭ್ಯಾಸಕ್ಕೆ ನಿಂತಾಗ ಗೊತ್ತಾಯಿತು, ಆಟದ ಪ್ರತಿ ಚೆಂಡೂ ಮೊದಲು ಮುಟ್ಟುವುದು ಅವನ ಕೈಯನ್ನೇ. ಅವನು ಬಗ್ಗಿ ಚೆಂಡನ್ನು ನನ್ನತ್ತ ಬಿಡುತ್ತಾನೆ, ನಾನು ಐದು ಗಜ ಹಿಂದೆ ನಿಂತು ಹಿಡಿಯುತ್ತೇನೆ, ತಪ್ಪಿದರೆ ಬಡಿಯಲಿ ಅಂತ ನನ್ನ ಬೆನ್ನ ಹಿಂದೆ ಗೋಡೆಗೆ ಹಳೇ ಹಾಸಿಗೆ ಒರಗಿಸಿದ್ದೇವೆ. ಚೆಂಡು ಎದೆಯ ಮಟ್ಟಕ್ಕೆ ಬರಬೇಕು. ಮಂಡಿಗೆ ಬಂದರೆ ಕ್ವಾರ್ಟರ್‌ಬ್ಯಾಕ್ ಕಣ್ಣು ಎದುರಾಳಿಯಿಂದ ಕೆಳಗಿಳಿಯುತ್ತದೆ, ಅಷ್ಟರಲ್ಲಿ ಅರ್ಧ ಸೆಕೆಂಡು ಹೋಯಿತು. ನೂರು ಸಲದಲ್ಲಿ ತೊಂಬತ್ತೈದು ಸರಿ ಬಂದರೆ ನನಗೆ ಖುಷಿ, ಅವನಿಗೆ ಆ ಐದರದ್ದೇ ಚಿಂತೆ.

ಬೇರ್ಸ್‌ಗೆ ಈ ಮನುಷ್ಯ ಯಾಕೆ ಬೇಕಿತ್ತು ಅನ್ನೋದನ್ನು ನಾನು ಅವರ ಮೈದಾನ ಸೋಲ್ಜರ್ ಫೀಲ್ಡ್‌ನಲ್ಲೇ ಕೂತು ಕಂಡಿದ್ದೇನೆ. 2024ರ ನವೆಂಬರ್ 10, ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಎದುರು. ಅದು ಮಗನ ಹುಟ್ಟುಹಬ್ಬದ ಉಡುಗೊರೆ. ಆ ದಿನ ನಮ್ಮ ಹೊಸ ಕ್ವಾರ್ಟರ್‌ಬ್ಯಾಕ್ ಕೇಲೆಬ್ ವಿಲಿಯಮ್ಸ್ ಒಂಬತ್ತು ಸಲ ಸ್ಯಾಕ್ ಆದ. ಮೊದಲ ಮೂರಕ್ಕೆ ಸುತ್ತಲಿನವರು ಬೈದರು, ಆರರ ಹೊತ್ತಿಗೆ ಸುಮ್ಮನಾದರು. ಮಗ ಬೆರಳು ಮಡಚಿ ಎಣಿಸುತ್ತಿದ್ದ. 19-3ಕ್ಕೆ ಸೋತೆವು. ಮೆಟ್ರಾ ರೈಲಿನಲ್ಲಿ ನೇಪರ್‌ವಿಲ್‌ಗೆ ವಾಪಸ್ ಬರುವಾಗ ಅವನು ಕಟ್ಟಿಕೊಂಡು ಹೋಗಿದ್ದ ಚಪಾತಿ ರೋಲ್ ಕೂಡ ಬಿಚ್ಚಲಿಲ್ಲ. "ಅಮ್ಮಾ, ಅವನು ಪ್ರತಿ ಸಲ ತಾನೇ ಎದ್ದ, ನೋಡಿದ್ಯಾ?" ಅಂದ ಅಷ್ಟೇ.

ಆ ಸೀಸನ್ ಪೂರ್ತಿ ಹಾಗೇ ಆಯಿತು. ವಿಲಿಯಮ್ಸ್ 68 ಸಲ ಸ್ಯಾಕ್ ಆದ, ಇಡೀ ಲೀಗ್‌ನಲ್ಲಿ ಅದೇ ಅತಿ ಹೆಚ್ಚು. ತಂಡ 5 ಗೆದ್ದು 12 ಸೋತಿತು, ಹತ್ತು ಸೋಲು ಸಾಲಾಗಿ. ಥ್ಯಾಂಕ್ಸ್‌ಗಿವಿಂಗ್ ಮರುದಿನ ಮುಖ್ಯ ಕೋಚ್ ಕೆಲಸ ಹೋಯಿತು. ಸೀಸನ್ ನಡುವೆ ಮುಖ್ಯ ಕೋಚ್‌ನನ್ನು ತೆಗೆದದ್ದು ಬೇರ್ಸ್ ಚರಿತ್ರೆಯಲ್ಲೇ ಮೊದಲ ಸಲ. ಒಂದು ಮಾತು ಮಾತ್ರ ನ್ಯಾಯವಾಗಿ ಹೇಳಬೇಕು, ಆ 68ರಲ್ಲಿ ಎಲ್ಲವೂ ಮುಂದಿನ ಸಾಲಿನ ತಪ್ಪಲ್ಲ. ವಿಲಿಯಮ್ಸ್ ಚೆಂಡನ್ನು ಕೈಯಲ್ಲೇ ಇಟ್ಟುಕೊಂಡು ಓಡಾಡುತ್ತಾನೆ, ಎಸೆದು ಕಳೆದುಕೊಳ್ಳಬೇಕಾದಾಗಲೂ ಎಸೆಯುವುದಿಲ್ಲ. ಯಾವ ಸೆಂಟರ್ ಬಂದರೂ ಆ ಪಾಲು ಹುಡುಗನೇ ತಿದ್ದಿಕೊಳ್ಳಬೇಕು. ಆದರೆ ಯಾರು ಯಾರನ್ನು ತಡೆಯಬೇಕು ಅನ್ನುವ ಗೊಂದಲದಲ್ಲಿ ಎದುರಾಳಿ ಮುಟ್ಟುವವರೇ ಇಲ್ಲದೆ ಒಳಗೆ ಬಂದ ಸಲಗಳೂ ಬಹಳ. ಅದು ನಡುವಿನವನು ನೋಡಿ ಕೂಗಬೇಕಾದ ಮಾತು.

ಈಗ ಡಾಲ್ಮನ್ ವಿಷಯ. ನಾವು ಆಟ ನೋಡುವ ಕ್ರಮ ಹೀಗೆ. ಚೆಂಡನ್ನು ನೋಡಬಾರದು. ಅಟ್ಲಾಂಟಾದಲ್ಲಿ ಅವನ ನಂಬರ್ 67. ಪರದೆಯಲ್ಲಿ ಆ 67 ಬಿಟ್ಟು ಬೇರೆಲ್ಲೂ ಕಣ್ಣು ಹೋಗಬಾರದು. ಗೋಲ್ ಕಂಬದ ಹಿಂದಿನಿಂದ ಮೇಲಿಟ್ಟ ಕ್ಯಾಮೆರಾದ ದೃಶ್ಯ ಹಾಕಿಕೊಳ್ಳುತ್ತೇವೆ, ಅದರಲ್ಲಿ ಸೊಂಟ, ಮಂಡಿ, ಪಾದ ಎಲ್ಲ ಕಾಣುತ್ತೆ. ನಾನು ಮಂಗಳೂರಿನಲ್ಲಿ ಫಿಸಿಯೋಥೆರಪಿ ಓದಿದವಳು, ಇಪ್ಪತ್ತು ವರ್ಷದಿಂದ ಜನ ಹೇಗೆ ನಿಲ್ಲುತ್ತಾರೆ, ಹೇಗೆ ಹೆಜ್ಜೆ ಇಡುತ್ತಾರೆ ಅಂತ ನೋಡಿಯೇ ಅನ್ನ ತಿನ್ನುತ್ತಿದ್ದೇನೆ. ಮಗನಿಗೆ ಆಟದ ಲೆಕ್ಕ ಗೊತ್ತು, ನನಗೆ ಕೀಲುಗಳ ಲೆಕ್ಕ ಗೊತ್ತು.

ಮೊದಲ ರಾತ್ರಿಯೇ ನನ್ನ ಕಣ್ಣಿಗೆ ಬಿದ್ದದ್ದು ಅವನ ಮೊದಲ ಹೆಜ್ಜೆ. ಅಟ್ಲಾಂಟಾ ತಂಡ ಔಟ್‌ಸೈಡ್ ಜೋನ್ ಅನ್ನೋ ಓಟವನ್ನು ಬಹಳ ಆಡುತ್ತಿತ್ತು. ಐವರೂ ಒಟ್ಟಿಗೆ, ಒಂದೇ ಕಡೆಗೆ, ಓರೆಯಾಗಿ ಹೆಜ್ಜೆ ಹಾಕುತ್ತಾರೆ. ಹಿಂದೆ ಬಿಜಾನ್ ರಾಬಿನ್ಸನ್ ಚೆಂಡು ಹಿಡಿದು ಅವರ ಜೊತೆಗೇ ಪಕ್ಕಕ್ಕೆ ಓಡುತ್ತಾ, ಎಲ್ಲಿ ಸಂದು ಬಿಡುತ್ತೋ ಅಲ್ಲಿ ನುಗ್ಗುತ್ತಾನೆ. ಇದರಲ್ಲಿ ಸೆಂಟರ್‌ಗೆ ಬರುವ ಕಷ್ಟ ಏನೆಂದರೆ, ಎದುರಿನ ದೊಡ್ಡ ಆಳು ಅವನ ಬಲ ಭುಜದ ಎದುರಿಗೆ ನಿಂತಿರುತ್ತಾನೆ, ಓಟವೂ ಬಲಕ್ಕೇ. ಅಂದರೆ ಎದುರಾಳಿ ಆಗಲೇ ಅರ್ಧ ಹೆಜ್ಜೆ ಮುಂದಿದ್ದಾನೆ. ಸೆಂಟರ್ ಒಂದು ಕೈಯಲ್ಲಿ ಚೆಂಡನ್ನು ಹಿಂದೆ ಬಿಡುತ್ತಲೇ ಬಲಗಾಲನ್ನು ಪಕ್ಕಕ್ಕಿಟ್ಟು, ತನ್ನ ತಲೆಯನ್ನು ಅವನ ಹೊರ ಭುಜದಾಚೆ ಒಯ್ದು, ಸೊಂಟ ತಿರುಗಿಸಿ ಅವನ ದಾರಿಗೆ ಅಡ್ಡ ನಿಲ್ಲಬೇಕು. ರೀಚ್ ಬ್ಲಾಕ್ ಅನ್ನುತ್ತಾರೆ.

ಅಂಥ ಒಂದು ಓಟವನ್ನು ಚೌಕಟ್ಟು ಚೌಕಟ್ಟಾಗಿ ನಿಲ್ಲಿಸಿ ನೋಡಿದೆವು. ಚೆಂಡು ಇನ್ನೂ ಅವನ ಮಂಡಿಗಳ ನಡುವೆ ಗಾಳಿಯಲ್ಲಿದೆ. ಬಲಗಾಲು ಆಗಲೇ ನೆಲ ಮುಟ್ಟಿದೆ, ಬೆರಳು ಓಟದ ಕಡೆ ತಿರುಗಿದೆ. ಎದುರಾಳಿಯ ಕೈ ಈಗಷ್ಟೇ ನೆಲ ಬಿಡುತ್ತಿದೆ. ಬೆನ್ನು ನೇರ, ಮಂಡಿ ಒಳಕ್ಕೆ ಕುಸಿದಿಲ್ಲ, ಸೊಂಟ ಎದುರಾಳಿಯ ಸೊಂಟಕ್ಕಿಂತ ಒಂದು ಗೇಣು ಕೆಳಗೆ. ಮುಂದಿನ ಚೌಕಟ್ಟಿನಲ್ಲಿ ಎಡಗಾಲು ಬಂದು ಸೇರಿತು, ತಲೆ ಆ ಕಡೆ ದಾಟಿತು. ಅಲ್ಲಿಗೆ ಆ ಆಳು ಎಷ್ಟು ಬಲಶಾಲಿ ಅನ್ನೋ ಪ್ರಶ್ನೆಯೇ ಹೋಯಿತು, ಯಾಕೆಂದರೆ ಅವನು ನಿಂತ ಜಾಗವೇ ತಪ್ಪು. ನಾನು ಕ್ಲಿನಿಕ್‌ನಲ್ಲಿ ಒಂಟಿ ಕಾಲಿನ ಮೇಲೆ ಭಾರ ಹಾಕಿ ಪಕ್ಕಕ್ಕೆ ಹೆಜ್ಜೆ ಇಡಿ ಅಂತ ಆಟಗಾರರಿಗೆ ಹೇಳುತ್ತಿರುತ್ತೇನೆ. ಹತ್ತರಲ್ಲಿ ಎಂಟು ಜನರ ಸೊಂಟ ಮೇಲೇಳುತ್ತದೆ. 138 ಕಿಲೋ ಇರುವ ಈ ಮನುಷ್ಯನ ಸೊಂಟ ಏಳಲಿಲ್ಲ. ನಾಲ್ಕು ಸಲ ಹಿಂದೆ ಹಾಕಿಸಿ ನೋಡಿದೆ.

ಅಷ್ಟಕ್ಕೇ ನಿಲ್ಲುವುದಿಲ್ಲ ಅವನು. ಒಬ್ಬನನ್ನು ಪಕ್ಕದ ಗಾರ್ಡ್‌ಗೆ ಒಪ್ಪಿಸಿ, ತಾನು ಮುಂದೆ ಹೋಗಿ ಎರಡನೇ ಸಾಲಿನ ಲೈನ್‌ಬ್ಯಾಕರ್‌ನನ್ನು ಹಿಡಿಯುತ್ತಾನೆ. ಆ ಒಪ್ಪಿಸುವ ಗಳಿಗೆ ನೋಡಬೇಕು. ಬೇಗ ಬಿಟ್ಟರೆ ಮೊದಲಿನವನು ಜಾರಿಕೊಳ್ಳುತ್ತಾನೆ, ತಡ ಮಾಡಿದರೆ ಲೈನ್‌ಬ್ಯಾಕರ್ ಕೈತಪ್ಪುತ್ತಾನೆ. ಮಂಗಳೂರಿನಲ್ಲಿ ಓದುವಾಗ ಕಬಡ್ಡಿ ಹುಡುಗರಿಗೆ ಟೇಪ್ ಸುತ್ತಲು ಹೋಗುತ್ತಿದ್ದೆವು. ಅಲ್ಲಿ ಕೈ ಕೈ ಹಿಡಿದು ಸರಿಯುವ ಜೋಡಿಗಳಲ್ಲಿ ಕೆಲವರು ಮಾತೇ ಇಲ್ಲದೆ ಒಬ್ಬರಿಗೊಬ್ಬರು ಜಾಗ ಬಿಟ್ಟುಕೊಡುತ್ತಿದ್ದರು. ಅದೇ ನೆನಪಾಯಿತು. ಇಲ್ಲೊಂದು ಎಚ್ಚರ ಬೇಕು. ಅಟ್ಲಾಂಟಾದಲ್ಲಿ ಡಾಲ್ಮನ್‌ನ ಬಲಗಡೆ ಇದ್ದವನು ಕ್ರಿಸ್ ಲಿಂಡ್‌ಸ್ಟ್ರಾಮ್, ಲೀಗ್‌ನ ಅತ್ಯುತ್ತಮ ಗಾರ್ಡ್‌ಗಳಲ್ಲಿ ಒಬ್ಬ. ಒಳ್ಳೆಯ ನೆರೆಯವನಿದ್ದರೆ ಯಾರ ಕೆಲಸವೂ ಚೆನ್ನಾಗಿ ಕಾಣುತ್ತೆ. ಅದಕ್ಕೇ ನಾವು ಎಡಕ್ಕೆ ಓಡಿದ ಆಟಗಳನ್ನು ಬೇರೆ ಮಾಡಿ ನೋಡಿದೆವು. ಬಲಗಡೆಯಷ್ಟು ಅಚ್ಚುಕಟ್ಟಿಲ್ಲ, ನಿಜ. ಆದರೂ ಮೊದಲ ಹೆಜ್ಜೆ ಅದೇ.

ಇನ್ನು ಭಯದ ಮಾತು. ಡಾಲ್ಮನ್ ಈ ಕೆಲಸಕ್ಕೆ ಹಗುರದವನು. ಆರು ಅಡಿ ಮೂರು ಇಂಚು, 305 ಪೌಂಡ್ ಅಂದರೆ ನಮಗೆ ಬೆಟ್ಟ, ಅಲ್ಲಿ ಅವನ ಎದುರು ನಿಲ್ಲುವವರ ಲೆಕ್ಕದಲ್ಲಿ ಕಮ್ಮಿಯೇ. ಅಟ್ಲಾಂಟಾ ಪ್ರತಿ ವರ್ಷ ಎರಡು ಸಲ ಟ್ಯಾಂಪಾ ಬೇ ತಂಡದ ಜೊತೆ ಆಡುತ್ತೆ, ಅಲ್ಲಿ ವೀಟಾ ವೇಯಾ ಇದ್ದಾನೆ, ಸುಮಾರು 347 ಪೌಂಡ್. ಓಟ ಪಕ್ಕಕ್ಕಿದ್ದಾಗ ಆ ತೂಕ ಡಾಲ್ಮನ್‌ನನ್ನು ಹುಡುಕುವಷ್ಟರಲ್ಲಿ ಅವನು ದಾಟಿರುತ್ತಾನೆ. ಆದರೆ ಚೆಂಡು ಎಸೆಯುವ ಆಟದಲ್ಲಿ ತಪ್ಪಿಸಿಕೊಳ್ಳಲು ಜಾಗ ಇಲ್ಲ, ನಿಂತಲ್ಲೇ ತಡೆಯಬೇಕು. ಎದುರಾಳಿ ಎರಡೂ ಅಂಗೈ ಎದೆಗೆ ಕೊಟ್ಟು ಹಿಂದಕ್ಕೆ ತಳ್ಳುತ್ತಾ ಬಂದಾಗ ಡಾಲ್ಮನ್ ಒಂದು ಹೆಜ್ಜೆ ಕೊಡುತ್ತಾನೆ, ಎರಡನೆಯದನ್ನೂ ಕೊಡುತ್ತಾನೆ, ಮೂರನೆಯದರಲ್ಲಿ ಮಂಡಿ ಬಗ್ಗಿಸಿ ಕೂತು ನಿಲ್ಲುತ್ತಾನೆ. ಬಹಳಷ್ಟು ಸಲ ನಿಲ್ಲುತ್ತಾನೆ. ನಿಲ್ಲದ ಸಲಗಳನ್ನೂ ನೋಡಿದ್ದೇವೆ. ಕ್ವಾರ್ಟರ್‌ಬ್ಯಾಕ್‌ಗೆ ಮುಂದಕ್ಕೆ ಹೆಜ್ಜೆ ಇಟ್ಟು ಎಸೆಯಲು ಜಾಗ ಬೇಕು, ಆ ಎರಡು ಹೆಜ್ಜೆ ಅವನ ಜಾಗದಿಂದಲೇ ಕಡಿತ. ನಮ್ಮ ವಿಭಾಗದಲ್ಲೇ ಮಿನೆಸೋಟಾ 2025ರ ಮಾರ್ಚ್‌ನಲ್ಲಿ ಜೊನಾಥನ್ ಆಲನ್, ಜೇವನ್ ಹಾರ್‌ಗ್ರೇವ್ ಇಬ್ಬರನ್ನೂ ತಂದು ನಡುವಿನಲ್ಲಿ ನಿಲ್ಲಿಸಿಕೊಂಡಿತು. ವರ್ಷಕ್ಕೆ ಎರಡು ಸಲ ಅವರೆದುರು. ನನಗೆ ಅದೇ ಯೋಚನೆ.

ಎರಡನೆಯದು ಕಣಕಾಲು. 2024ರ ಸೆಪ್ಟೆಂಬರ್ 22ರ ರಾತ್ರಿ, ಕ್ಯಾನ್ಸಸ್ ಸಿಟಿ ಎದುರು ಆಡುವಾಗ ಪೆಟ್ಟಾಯಿತು. ಅವನು ಹೊರಹೋದ ಮೇಲಿನ ಆಟವನ್ನೂ ನಾವು ಕೊನೆತನಕ ನೋಡಿದೆವು. ಕೊನೆಯ ನಿಮಿಷ, ನಾಲ್ಕನೇ ಡೌನ್ ಅಂದರೆ ಕೊನೆಯ ಅವಕಾಶ, ಚೂರೇ ಚೂರು ದೂರ ಬೇಕು. ರಾಬಿನ್ಸನ್‌ಗೆ ಚೆಂಡು ಕೊಟ್ಟರು, ಗೆರೆಯ ಹಿಂದೆಯೇ ಹಿಡಿದು ಕೆಡವಿದರು. 22-17ಕ್ಕೆ ಸೋಲು. ಬದಲಿಗೆ ಬಂದ ಹುಡುಗನ ಮೇಲೆ ನಾನು ತಪ್ಪು ಹೊರಿಸಲ್ಲ, ಆ ಹೊತ್ತಿಗೆ ಬಲ ತುದಿಯ ಟ್ಯಾಕಲ್ ಕೂಡ ಪೆಟ್ಟು ತಿಂದು ಹೊರಗೆ ಕೂತಿದ್ದ. ಆದರೆ ಮಗ ಆ ದೃಶ್ಯ ನಿಲ್ಲಿಸಿ, "67 ಇಲ್ಲ ನೋಡು" ಅಂದಾಗ ಸಾಲಿನ ನಡುವಿನ ಒಂದು ಹಲ್ಲು ಬಿದ್ದ ಹಾಗೆ ನನಗೂ ಕಂಡಿತು.

ಎಂಟು ಆಟ ತಪ್ಪಿಸಿಕೊಂಡ. ಆ ಸೀಸನ್‌ನಲ್ಲಿ ಆಡಿದ್ದು ಒಂಬತ್ತೇ. ಅದಕ್ಕೇ ಡಿಸೆಂಬರ್ ತಿಂಗಳ ಆಟಗಳನ್ನು ನಾನು ನನ್ನ ವೃತ್ತಿಯ ಕಣ್ಣಿನಿಂದಲೇ ನೋಡಿದೆ. ಕಣಕಾಲಿಗೆ ಪೆಟ್ಟಾದವರಲ್ಲಿ ನೋವು ಹೋದಮೇಲೂ ಒಂದು ಉಳಿದುಬಿಡುತ್ತದೆ. ಮಂಡಿ ಪಾದದ ಬೆರಳಿನಿಂದಾಚೆಗೆ ಬಾಗುವಷ್ಟು ಕೀಲು ಮಡಚುವುದಿಲ್ಲ. ಹಾಗಾದಾಗ ಕೂತು ತಡೆಯಬೇಕಾದವನ ಹಿಮ್ಮಡಿ ನೆಲ ಬಿಡುತ್ತದೆ, ಭಾರವೆಲ್ಲ ಮುಂಗಾಲಿಗೆ ಬರುತ್ತದೆ, ಆಗ ಯಾರು ತಳ್ಳಿದರೂ ಬೀಳುತ್ತಾನೆ. ಡಾಲ್ಮನ್‌ನ ಹಿಮ್ಮಡಿ ಎರಡೂ ಕಾಲಲ್ಲೂ ನೆಲಕ್ಕೆ ಅಂಟಿಕೊಂಡೇ ಇದ್ದವು. ಮುಟ್ಟಿ ನೋಡದೆ ಹೇಳಬಾರದು ಅಂತ ನನಗೆ ಕಲಿಸಿದ್ದಾರೆ, ಆದರೂ ಇಷ್ಟು ನೋಡಿದ ಮೇಲೆ ಕಣಕಾಲಿನ ಭಯ ನನಗೆ ತೂಕದ ಭಯಕ್ಕಿಂತ ಕಮ್ಮಿ.

ವರ್ಷಕ್ಕೆ 1.4 ಕೋಟಿ ಡಾಲರ್ ಒಬ್ಬ ಸೆಂಟರ್‌ಗೆ ಜಾಸ್ತಿಯಾಯಿತು ಅಂತ ಆಫೀಸಿನಲ್ಲಿ ಒಬ್ಬರು ವಾದ ಮಾಡಿದರು. ಕ್ಯಾನ್ಸಸ್ ಸಿಟಿ ತನ್ನ ಕ್ರೀಡ್ ಹಂಫ್ರಿಗೆ 1.8 ಕೋಟಿ ಕೊಡುತ್ತಿದೆ. ಡಾಲ್ಮನ್ ಅವನಷ್ಟು ದೊಡ್ಡ ಆಟಗಾರ ಅಲ್ಲ, ಇನ್ನೂ ಅಲ್ಲ. ಆದರೆ 26ರ ವಯಸ್ಸಿಗೆ 40 ಆಟ ಮೊದಲಿಂದಲೇ ಇಳಿದು ಆಡಿದವನು ಪೇಟೆಗೆ ಬರುವುದೇ ಅಪರೂಪ. ಬೇರ್ಸ್ ಜನರಲ್ ಮ್ಯಾನೇಜರ್ ರಯಾನ್ ಪೋಲ್ಸ್ ಸ್ವತಃ ಬಾಸ್ಟನ್ ಕಾಲೇಜಿನಲ್ಲಿ ಮುಂದಿನ ಸಾಲಿನಲ್ಲಿ ಆಡಿದವರು, 2021ರಲ್ಲಿ ಕ್ಯಾನ್ಸಸ್ ಸಿಟಿ ಲೀಗ್‌ನ ಫೈನಲ್ ಆದ ಸೂಪರ್ ಬೌಲ್‌ನಲ್ಲಿ ಏಟು ತಿಂದು ಇಡೀ ಸಾಲನ್ನೇ ಬದಲಿಸಿದಾಗ ಅಲ್ಲಿಯೇ ಕೆಲಸದಲ್ಲಿದ್ದವರು. ಆಗ ತಂದ ಗಾರ್ಡ್ ಜೋ ಥೂನಿಯನ್ನೇ ಈಗ ಇಲ್ಲಿಗೆ ಕರೆಸಿಕೊಂಡಿದ್ದಾರೆ, ನಾಲ್ಕು ಸೂಪರ್ ಬೌಲ್ ಉಂಗುರ ಇರುವ ಮನುಷ್ಯ. ಬಲಗಡೆಗೆ ಜೋನಾ ಜಾಕ್ಸನ್ ಬಂದಿದ್ದಾನೆ, ಹೊಸ ಕೋಚ್ ಬೆನ್ ಜಾನ್ಸನ್ ಜೊತೆ ಡೆಟ್ರಾಯಿಟ್‌ನಲ್ಲಿದ್ದವನು. ಡಾಲ್ಮನ್‌ನ ಎಡಬಲ ಎರಡೂ ತುಂಬಿದೆ. ಒಂದೇ ತಿಂಗಳಲ್ಲಿ ನಡುವಿನ ಮೂವರೂ ಹೊಸಬರು, ಮೂವರೂ ಪಳಗಿದವರು. ಹಳೆಯ ಬೇರ್ಸ್ ಅಭಿಮಾನಿಗಳು ಇವತ್ತಿಗೂ ಓಲಿನ್ ಕ್ರೂಟ್ಜ್ ಹೆಸರು ಹೇಳಿ ನಿಟ್ಟುಸಿರು ಬಿಡುತ್ತಾರೆ. 1998ರಿಂದ 2010ರವರೆಗೆ ಹದಿಮೂರು ಸೀಸನ್ ನಮ್ಮಲ್ಲೇ ಆಡಿದ ಸೆಂಟರ್. ಅವನು ಹೋದಮೇಲೆ ಆ ಜಾಗಕ್ಕೆ ಎಷ್ಟು ಜನ ಬಂದು ಹೋದರೋ.

ನನ್ನ ಲೆಕ್ಕ ಇಷ್ಟು: ಓಟದ ಆಟದಲ್ಲಿ ಡಾಲ್ಮನ್ ಮೊದಲ ತಿಂಗಳಿಂದಲೇ ಬೇರ್ಸ್‌ನ ಚಹರೆ ಬದಲಿಸುತ್ತಾನೆ. ಎಸೆತದ ಆಟದಲ್ಲಿ ಭಾರೀ ಆಳು ಎದುರಾದಾಗ ಥೂನಿಯ ಒಂದು ಕೈ ಅವನ ಕಡೆ ಬೇಕಾಗುತ್ತದೆ. ಮಗ ಒಪ್ಪುವುದಿಲ್ಲ. "ಅವನು ಸ್ನ್ಯಾಪ್‌ಗೆ ಮುಂಚೆನೇ ಗೆದ್ದಿರ್ತಾನೆ ಅಮ್ಮ, ಕೂಗೋದು ನೋಡು" ಅಂತಾನೆ. ಅಟ್ಲಾಂಟಾದಲ್ಲಿ ಅನುಭವಿ ಕ್ವಾರ್ಟರ್‌ಬ್ಯಾಕ್ ಕರ್ಕ್ ಕಸಿನ್ಸ್ ಮುಂದೆಯೂ ನಿಂತ, ಸೀಸನ್ ಕೊನೆಯ ಮೂರು ಆಟಗಳಲ್ಲಿ ಹೊಸ ಹುಡುಗ ಮೈಕಲ್ ಪೆನಿಕ್ಸ್ ಮುಂದೆಯೂ ನಿಂತ. ಆ ಮೂರು ಆಟಗಳಲ್ಲಿ ಅವನು ಎಷ್ಟು ಸಲ ತಲೆ ಎತ್ತಿ, ಬೆರಳು ತೋರಿಸಿ, ಎಡಕ್ಕೆ ಬಲಕ್ಕೆ ತಿರುಗಿ ಕೂಗುತ್ತಾನೆ ಅಂತ ಮಗ ಗೆರೆ ಎಳೆದು ಎಣಿಸಿಟ್ಟಿದ್ದಾನೆ. ಕೇಲೆಬ್ ವಿಲಿಯಮ್ಸ್‌ಗೆ ಇದು ಬೇಕು ಅನ್ನುವುದರಲ್ಲಿ ನಮ್ಮಿಬ್ಬರಿಗೂ ಜಗಳ ಇಲ್ಲ.

ಒಂದು ವಿಷಯ ಮಗನ ಜೊತೆ ಕೂತು ನೋಡಲಿಲ್ಲ, ಅವನು ಮಲಗಿದ ಮೇಲೆ ಒಬ್ಬಳೇ ಓದಿದೆ. ಡಾಲ್ಮನ್‌ನ ಅಪ್ಪ ಕ್ರಿಸ್ ಡಾಲ್ಮನ್ ಕೂಡ ಸೆಂಟರ್ ಜಾಗದಲ್ಲಿ ಆಡಿದವರು. ಸ್ಟ್ಯಾನ್‌ಫರ್ಡ್‌ನಲ್ಲಿ ಓದಿ 1993ರಿಂದ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್‌ಗೆ ಆಡಿದರು, 1994ರ ಸೀಸನ್‌ನಲ್ಲಿ ಸೂಪರ್ ಬೌಲ್ ಗೆದ್ದ ತಂಡದಲ್ಲಿದ್ದರು. 2000ರ ತರಬೇತಿ ಶಿಬಿರದಲ್ಲಿ ಕತ್ತಿಗೆ ಪೆಟ್ಟಾಗಿ ಆಟ ಮುಗಿಯಿತು. ಡ್ರೂಗೆ ಆಗ ಎರಡು ವರ್ಷವೂ ತುಂಬಿರಲಿಲ್ಲ. ಆ ಮನೆಯಲ್ಲಿ ಬೆಳೆದ ಹುಡುಗ ಅಪ್ಪನದೇ ಕಾಲೇಜಿಗೆ ಹೋದ, ಅದೇ ಜಾಗದಲ್ಲಿ ಬಗ್ಗಿ ನಿಂತ. ಅಪ್ಪ ಅಮ್ಮ ಮೊದಲ ದಿನ ಅದನ್ನು ಹೇಗೆ ನೋಡಿಕೊಂಡು ನಿಂತಿದ್ದರೋ ಅಂತ ಬಹಳ ಹೊತ್ತು ಯೋಚಿಸಿದೆ. ಹಾಸನದಿಂದ ನಮ್ಮಮ್ಮ ಪ್ರತಿ ಭಾನುವಾರ ಫೋನ್ ಮಾಡಿ "ಆ ಗುದ್ದಾಟ ಬಿಡ್ಸೇ, ಮಗು ಕತ್ತು ಜೋಪಾನ" ಅನ್ನುತ್ತಾರೆ. ನಾನು ನಕ್ಕು ಬೇರೆ ಮಾತಿಗೆ ತಿರುಗಿಸುತ್ತಿದ್ದೆ. ಆ ರಾತ್ರಿ ಓದಿದ ಮೇಲೆ ಹಾಗೆ ಮಾಡಲು ಆಗುತ್ತಿಲ್ಲ. ಕತ್ತಿನ ಸ್ನಾಯು ಗಟ್ಟಿಯಿರಬೇಕು, ಎದುರಾಳಿಗೆ ತಲೆ ಕೊಡದೆ ಕೈ ಕೊಡುವುದು ಕಲಿತಿರಬೇಕು, ಗುದ್ದುವಾಗ ಕಣ್ಣು ಮೇಲಿರಬೇಕು. ನನ್ನ ಕೈಯಲ್ಲಿರುವುದು ಇಷ್ಟು.

ಹಾಗಾಗಿ ಹೋದ ವಾರದಿಂದ ಸ್ನ್ಯಾಪ್ ಅಭ್ಯಾಸಕ್ಕೆ ಮುಂಚೆ ಹತ್ತು ನಿಮಿಷ ನನ್ನದು. ಬೇಸ್‌ಮೆಂಟ್‌ನ ಕಾರ್ಪೆಟ್ ಮೇಲೆ ಅವನು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾನೆ. ನಾನು ಅಂಗೈಯನ್ನು ಅವನ ಹಣೆಗಿಟ್ಟು ಒತ್ತುತ್ತೇನೆ, ಅವನು ತಲೆ ಕದಲಿಸದೆ ಎದುರು ಒತ್ತಬೇಕು. ಆಮೇಲೆ ಹಿಂದಲೆ, ಆಮೇಲೆ ಎಡಕ್ಕೆ, ಬಲಕ್ಕೆ. ಪ್ರತಿಯೊಂದೂ ಹತ್ತು ಎಣಿಸುವವರೆಗೆ. ಎಣಿಸುವವನು ಅವನೇ, ಕನ್ನಡದಲ್ಲಿ. ನಿನ್ನೆ ಹಣೆಯದು ಮುಗಿಯುವಾಗ ಮುಖ ಕೆಂಪಾಗಿ, ಎಂಟು, ಒಂಬತ್ತು ಅಂತ ಹಲ್ಲು ಕಚ್ಚಿ ಹೇಳಿದ. ಹತ್ತು ಅಂದಮೇಲೂ ಕತ್ತು ಸಡಿಲ ಬಿಡಲಿಲ್ಲ. "ಇನ್ನೊಂದು ಐದು ಹಿಡ್ಕೋ ಅಮ್ಮ" ಅಂದ. ನಾನು ಕೈ ತೆಗೆಯದೆ ಹಾಗೇ ಒತ್ತಿ ಹಿಡಿದೆ.